ಜೆರಾಕ್ಸಣ್ಣನ ಮೂರು ಎಕರೆ

ಕೃಷಿ ಕಚೇರಿಯ ಎದುರಿಗೆ, ರಸ್ತೆಯ ಈಚೆ ಬದಿಯಲ್ಲಿ, ಎರಡು ಮೆಟ್ಟಿಲು ಹತ್ತಿದರೆ ಸಿಗುವ ಅಂಗಡಿ ನಮ್ಮ ಜೆರಾಕ್ಸಣ್ಣನದು. ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದನ್ನು ಬಳಸುತ್ತಿದ್ದದ್ದು ಕರೆಂಟ್ ಬಿಲ್ಲು ಮಾತ್ರ. ಹದಿನೆಂಟು ವರ್ಷದಿಂದ ಅವನು ರೈತರ ಕಾಗದಗಳ ಪ್ರತಿ ತೆಗೆಯುತ್ತ ಬಂದಿದ್ದ. ಯಾರ ಹೊಲ ಎಷ್ಟು, ಯಾರ ಬಾವಿ ಎಷ್ಟು ಆಳ, ಯಾರ ಹಸು ಎಷ್ಟು ಲೀಟರ್ ಕರೆಯುತ್ತದೆ, ಎಲ್ಲವೂ ಅವನ ಯಂತ್ರದ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿತ್ತು. ಸ್ವಂತಕ್ಕೆ ಅವನಿಗೆ ಒಂದು ಹೂವಿನ ಕುಂಡವೂ ಇರಲಿಲ್ಲ. ಮನೆ ಬಾಡಿಗೆಯದು, ಎರಡನೇ ಮಹಡಿ. ಕುಂಡ ಇಟ್ಟರೆ ಕೆಳಗಿನವರ ಬಟ್ಟೆಯ ಮೇಲೆ ನೀರು ಸೋರುತ್ತದೆಂದು ಮಾಲೀಕರು ಮೊದಲೇ ತಾಕೀತು ಮಾಡಿದ್ದರು.

ಅವನಿಗೆ ಹೊಲ ಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಬೇರೆಯವರು ಕಾರು ಬಂಗಲೆ ಎಂದು ಕನವರಿಸುವ ಹಾಗೆ ಅವನು ಮಣ್ಣು ಮಣ್ಣು ಎಂದು ಕನವರಿಸುತ್ತಿದ್ದ. ರೈತರು ಕೊಟ್ಟ ಕಾಗದದ ಮೇಲೆ ಕೆಸರಿನ ಹೆಬ್ಬೆಟ್ಟಿನ ಗುರುತಿದ್ದರೆ ಅದನ್ನು ಒರೆಸದೆ ಹಾಗೇ ಪ್ರತಿ ತೆಗೆಯುತ್ತಿದ್ದ. ಕಚೇರಿಯವರು "ಏನ್ರೀ ಇದು, ಕಪ್ಪು ಕಲೆ?" ಎಂದು ಗದರಿದರೆ "ಮೆಷಿನ್ ಹಳೇದು ಸಾರ್" ಎನ್ನುತ್ತಿದ್ದ.

ಸಹಾಯಧನದ ಅರ್ಜಿಯಲ್ಲಿ ಮೂವತ್ತೆರಡು ಕಾಲಂ. ಅದನ್ನು ತಪ್ಪಿಲ್ಲದೆ ತುಂಬಿದ ಮನುಷ್ಯ ಆ ಕಚೇರಿಯ ಚರಿತ್ರೆಯಲ್ಲೇ ಇರಲಿಲ್ಲ. ಬರೆದುಕೊಡಿ ಬರೆದುಕೊಡಿ ಎಂದು ಜನ ಪ್ರಾಣ ತಿನ್ನುತ್ತಿದ್ದುದರಿಂದ ಜೆರಾಕ್ಸಣ್ಣ ಒಂದು ಉಪಾಯ ಮಾಡಿದ. ಒಂದು ಅರ್ಜಿಯನ್ನು ತಾನೇ ತುಂಬಿ, ನೋಡಿ ಬರೆದುಕೊಳ್ಳಲಿ ಎಂದು ಅಂಗಡಿಯ ಗಾಜಿಗೆ ಅಂಟಿಸಿದ. ಮೊದಲ ಸಲ ಹೆಸರಿನ ಜಾಗದಲ್ಲಿ "ಅ ಬ ಕ" ಎಂದು ಬರೆದಿದ್ದ. ಆ ವಾರ ಅ ಬ ಕ ಎಂಬ ಇಪ್ಪತ್ತಮೂರು ಜನ ರೈತರು ಅರ್ಜಿ ಹಾಕಿದರು. ಎರಡನೇ ಸಲ ನೆತ್ತಿಯ ಮೇಲೆ ದೊಡ್ಡದಾಗಿ "ಇದು ನೋಡಿ ಬರೆಯಲು ಮಾತ್ರ" ಎಂದು ಹಾಕಿದ. ಜನ ಅದನ್ನೂ ಶ್ರದ್ಧೆಯಿಂದ ತಮ್ಮ ತಮ್ಮ ಅರ್ಜಿಯ ನೆತ್ತಿಯ ಮೇಲೆ ಬರೆದುಕೊಂಡು ಹೋದರು. ಮೂರನೇ ಸಲ ಅವನು ಬೇಸತ್ತು, ಮೇಲೇನೂ ಬರೆಯದೆ, ತನ್ನದೇ ಹೆಸರು, ತನ್ನದೇ ವಿಳಾಸ, ತನ್ನದೇ ಬ್ಯಾಂಕ್ ಖಾತೆಯ ಸಂಖ್ಯೆ ಹಾಕಿದ. ನಿಜವಾದ ಮನುಷ್ಯನ ಹೆಸರೆಂದರೆ ಜನಕ್ಕೂ ಒಂದು ಮರ್ಯಾದೆ. ಅದನ್ನು ಯಾರೂ ನಕಲು ಮಾಡಲಿಲ್ಲ.

ಒಂಬತ್ತನೇ ಕಾಲಂನಲ್ಲಿ ಜಮೀನಿನ ವಿಸ್ತೀರ್ಣ ಬಂತು. ಪೆನ್ನು ನಿಂತಿತು. ಮಧ್ಯಾಹ್ನ ಮೂರು ಗಂಟೆ, ಅಂಗಡಿಯಲ್ಲಿ ನರಪಿಳ್ಳೆ ಇಲ್ಲ. ಸುಮ್ಮನೆ ಏನೋ ಒಂದು ಎಂದು ಶುರು ಮಾಡಿದವನು ಬಾಗಿಲು ಹಾಕುವ ಹೊತ್ತಿಗೆ ಮೂರು ಎಕರೆಯ ಯಜಮಾನನಾಗಿದ್ದ. ಒಂದು ಎಕರೆ ಜೋಳ, ಒಂದು ಎಕರೆ ಸೂರ್ಯಕಾಂತಿ, ಮಿಕ್ಕಿದ್ದರಲ್ಲಿ ತರಕಾರಿ. ಪೂರ್ವಕ್ಕೆ ತುಸು ಇಳಿಜಾರು. ಮೂವತ್ತು ಅಡಿ ಬಾವಿ. ಹನ್ನೆರಡು ನಿಂಬೆ ಗಿಡ. ಎರಡು ಹಸು, ಒಂದು ಕಂದು, ಒಂದು ಬಿಳಿ. ಬಿಳಿಯದಕ್ಕೆ ವಯಸ್ಸಾಗಿದೆ, ಆದರೂ ಮಾರುವ ಇರಾದೆ ಇಲ್ಲ. ಕಟ್ಟಕಡೆಗೆ, ಯಾರೂ ಯಾವತ್ತೂ ಏನನ್ನೂ ಬರೆಯದ ಷರಾ ಕಾಲಂ. ಅಲ್ಲಿ "ಸಂಜೆ ಹೊತ್ತು ಗಾಳಿ ಚೆನ್ನಾಗಿ ಬರುತ್ತದೆ" ಎಂದು ಬರೆದು ಸಹಿ ಹಾಕಿದ.

ಐದು ವರ್ಷ ಆ ಹೊಲ ಗಾಜಿನ ಮೇಲಿತ್ತು. ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಅವನು ಗಾಜು ಒರೆಸುವ ನೆಪದಲ್ಲಿ ಒಂದು ಸುತ್ತು ಹೊಲಕ್ಕೆ ಹೋಗಿ ಬರುತ್ತಿದ್ದ. ಈ ವರ್ಷ ಅರ್ಜಿ ಹಾಕುವ ಕೊನೆಯ ದಿನದ ನೂಕುನುಗ್ಗಲು ಮುಗಿದ ಮೇಲೆ ನೋಡಿದರೆ ಗಾಜಿನ ಮೇಲೆ ಟೇಪು ಮಾತ್ರ ಇತ್ತು. ಯಾರೋ ಕದ್ದಿದ್ದಾರೆ ಎಂದುಕೊಂಡ. ಬೇಜಾರಾಯಿತು, ಒಳಗೊಳಗೇ ಹೆಮ್ಮೆಯೂ ಆಯಿತು. ಕದಿಯುವಷ್ಟು ಚೆನ್ನಾಗಿತ್ತಲ್ಲ!

ಅದನ್ನು ಯಾರೂ ಕದ್ದಿರಲಿಲ್ಲ. ಟೇಪು ಒಣಗಿ ಹಾಳೆ ಕಳಚಿಕೊಂಡು, ಕೆಳಗೆ ಜನ ತುಂಬಿಟ್ಟಿದ್ದ ಅರ್ಜಿಗಳ ಕಟ್ಟಿನ ಮೇಲೆ ಬಿದ್ದಿತ್ತು. ಕಚೇರಿಯ ಜವಾನ ಬಂದು ಕಟ್ಟನ್ನು ಎತ್ತಿಕೊಂಡು ಹೋಗಿದ್ದ. ಇಷ್ಟೇ ನಡೆದದ್ದು. ಮಿಕ್ಕಿದ್ದನ್ನೆಲ್ಲ ಸರ್ಕಾರ ಮಾಡಿತು.

ಮೂರು ತಿಂಗಳ ಮೇಲೆ ಅದೇ ಜವಾನ ಒಂದು ಪಟ್ಟಿ ತಂದು ಕೊಟ್ಟು, "ನಲವತ್ತು ಕಾಪಿ ಅಣ್ಣಾ. ಫಲಾನುಭವಿಗಳ ಪಟ್ಟಿ. ಬಸ್‌ಸ್ಟ್ಯಾಂಡು, ಪಂಚಾಯ್ತಿ, ಗೋಡೆ ಗೋಡೆಗೂ ಅಂಟಿಸ್ಬೇಕಂತೆ. ಯಾರಿಗೆ ಯಾಕೆ ಎಷ್ಟು ಕೊಟ್ವಿ ಅಂತ ಜನಕ್ಕೆ ಗೊತ್ತಾಗ್ಬೇಕಂತೆ" ಎಂದ.

ಜೆರಾಕ್ಸಣ್ಣ ಗುಂಡಿ ಒತ್ತಿದ. ಹಸಿರು ಬೆಳಕು ಆ ಕಡೆಯಿಂದ ಈ ಕಡೆಗೆ ಹೋಯಿತು. ಮೂರನೇ ಹಾಳೆ ಕೈಗೆ ಬಂದಾಗ ಕ್ರಮಸಂಖ್ಯೆ ನೂರಾ ಹದಿನೇಳರಲ್ಲಿ ಅವನದೇ ಹೆಸರಿತ್ತು. ತಂದೆಯ ಹೆಸರು ಸರಿ. ವಿಳಾಸ ಸರಿ. ವೃತ್ತಿ: ರೈತ. ಜಮೀನು: ಮೂರು ಎಕರೆ, ನಿಂಬೆ ಗಿಡ ಹನ್ನೆರಡು.

ಅವನು ಪ್ರಾಮಾಣಿಕ. ಕೂಡಲೇ ರಸ್ತೆ ದಾಟಿ ಹೇಳಿಬಿಡಬೇಕೆಂದು ಪಟ್ಟಿ ಹಿಡಿದು ಎರಡು ಮೆಟ್ಟಿಲು ಇಳಿದ. ಅಷ್ಟರಲ್ಲಿ ಜವಾನ ಪಟ್ಟಿಗೆ ಇಣುಕಿ, ಹಲ್ಲು ಬಿಟ್ಟು, "ಏನ್ ರೈತರೇ, ಹೇಳ್ಲೇ ಇಲ್ಲ!" ಎಂದ.

ರೈತರೇ! ಹದಿನೆಂಟು ವರ್ಷ ಎದುರು ಕೂತಿದ್ದರೂ ಈ ಲೋಕದಲ್ಲಿ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ನಿಂತ ಅವನ ಬಾಯಿಂದ ಹೊರಟದ್ದು "ಹಂಗೇ... ಸ್ವಲ್ಪ ಇದೆ" ಎಂಬ ಮಾತು. ಮೂವತ್ತು ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು, ಆಮೇಲೆ ಹಣ ಬಿಡುಗಡೆ ಎಂದು ಪಟ್ಟಿಯ ಕೆಳಗಿತ್ತು. ಹಣದ ಗೊಡವೆ ತನಗೆ ಬೇಡ, ಇಪ್ಪತ್ತೊಂಬತ್ತು ದಿನ ಹೊಲ ಇಟ್ಟುಕೊಂಡು ಮೂವತ್ತನೇ ದಿನ ವಾಪಸ್ಸು ಕೊಟ್ಟರಾಯಿತು ಎಂದು ಅವನು ಲೆಕ್ಕ ಹಾಕಿದ. ನಲವತ್ತರ ಬದಲು ನಲವತ್ತೊಂದು ಪ್ರತಿ ತೆಗೆದ.

ಆ ಊರಿನಲ್ಲಿ ಗೋಡೆಯ ಮೇಲಿನ ಪಟ್ಟಿಯನ್ನು ಓದುವ ಮನುಷ್ಯ ಒಬ್ಬರೇ, ನಿವೃತ್ತ ಮೇಷ್ಟ್ರು. ಪಾರದರ್ಶಕತೆ ಎಂಬ ಪದವನ್ನು ಅವರು ನಿವೃತ್ತಿಯಾದ ಮಾರನೇ ದಿನ ಕಂಡುಹಿಡಿದಿದ್ದರು. ಸಂಜೆ ಟೀ ಅಂಗಡಿಯ ಮುಂದೆ ನಿಂತು ಪಟ್ಟಿಯನ್ನು ಹಾಜರಿ ಕೂಗುವ ಧಾಟಿಯಲ್ಲಿ ಓದಿದರು. ನೂರಾ ಹದಿನೇಳಕ್ಕೆ ಬಂದು ಕನ್ನಡಕ ತೆಗೆದು ಒರೆಸಿದರು.

"ನಮ್ಮ ಜೆರಾಕ್ಸಣ್ಣ! ಮೂರೆಕರೆ! ನೋಡ್ರಪ್ಪ, ಪಟ್ಟಿ ಗೋಡೆಗೆ ಹಾಕೋದು ಯಾಕೆ ಅಂತ ಕೇಳ್ತಿದ್ರಲ್ಲ. ಇದಕ್ಕೇ! ಹಾಕದೇ ಇದ್ದಿದ್ರೆ ಇಂಥ ರೈತ ನಮ್ಮ ಮಧ್ಯೆ ಇರೋದು ಗೊತ್ತಾಗ್ತಿತ್ತಾ?"

"ಹನ್ನೆರಡು ನಿಂಬೆ ಗಿಡ ಇಟ್ಕೊಂಡು ಒಂದು ಹಣ್ಣು ಕೊಡ್ಲಿಲ್ವಲ್ಲಣ್ಣ ನೀನು" ಎಂದು ಟೀ ಅಂಗಡಿಯವನು ನೊಂದುಕೊಂಡ.

ಮಾರನೇ ಬೆಳಗ್ಗೆ ಜೆರಾಕ್ಸಣ್ಣ ಮೂರು ಬೀದಿ ಆಚೆಯ ಮಾರ್ಕೆಟ್ಟಿಗೆ ಹೋಗಿ ಎರಡು ಡಜನ್ ನಿಂಬೆಹಣ್ಣು ಕೊಂಡ. ಉದ್ಯಾನದ ಮೂಲೆಯಲ್ಲಿ ಕೂತು ಒಂದೊಂದಕ್ಕೂ ಸ್ವಲ್ಪ ಮಣ್ಣು ಸವರಿ, ಟೀ ಅಂಗಡಿಗೆ ತಂದು ಹಂಚಿದ. ಮೇಷ್ಟ್ರು ಒಂದನ್ನು ಮೂಸಿ ಕಣ್ಣು ಮುಚ್ಚಿಕೊಂಡರು. "ಆಹಾ! ಮಾರ್ಕೆಟ್ ನಿಂಬೆಗೂ ಇದಕ್ಕೂ ಎಲ್ಲಿಂದೆಲ್ಲಿಗೆ! ಇದರಲ್ಲಿ ಜೀವ ಇದೆ."

"ಗೊಬ್ಬರ ಏನೂ ಹಾಕಲ್ಲ ಮೇಷ್ಟ್ರೇ" ಎಂದ ಜೆರಾಕ್ಸಣ್ಣ. ಈ ಮಾತು ಅಪ್ಪಟ ಸತ್ಯವಾಗಿತ್ತೆಂಬುದನ್ನು ನಾವು ಅವನ ಪರವಾಗಿ ಹೇಳಲೇಬೇಕು.

ಮನೆಯಲ್ಲಿ ಮಾತ್ರ ಹವೆ ಬೇರೆ ಇತ್ತು. ಹೆಂಡತಿಗೆ ಸುದ್ದಿ ತಲುಪಿದ್ದು ನಲ್ಲಿಯ ಹತ್ತಿರ, ಪಕ್ಕದ ಮನೆಯವಳ ಬಾಯಿಂದ. ಅವಳು ಕೂಗಾಡಲಿಲ್ಲ. ತಟ್ಟೆಯನ್ನು ಮಾಮೂಲಿಗಿಂತ ಸ್ವಲ್ಪ ಜೋರಾಗಿ ಇಟ್ಟಳು.

"ಇಪ್ಪತ್ತೆರಡು ವರ್ಷದಿಂದ ನಾನು ನಿಂಬೆಹಣ್ಣು ದುಡ್ಡು ಕೊಟ್ಟು ತರ್ತಿದೀನಿ" ಎಂದಳು.

"ಅದು ನಿಜವಾದ ಹೊಲ ಅಲ್ಲ ಕಣೆ. ಗಾಜಿನ ಮೇಲಿತ್ತಲ್ಲ, ಅದು. ಬರೀ ಬರೆದಿದ್ದು."

"ಬರೆದಿದ್ದಕ್ಕೆ ಸರ್ಕಾರ ದುಡ್ಡು ಕೊಡತ್ತಾ? ನನ್ನ ಮುಖದ ಮೇಲೆ ದಡ್ಡಿ ಅಂತ ಏನಾದ್ರೂ ಬರೆದಿದೆಯಾ?"

ಸತ್ಯ ಹೇಳಿದರೂ ನಂಬದ ಮೇಲೆ ಗಂಡಸು ಏನು ತಾನೇ ಮಾಡಿಯಾನು? ಅವನು ಊಟ ಮಾಡಿದ.

ಭಾನುವಾರ ಹೆಂಡತಿಯ ಅಣ್ಣ ಬಂದಿಳಿದರು, ಮೊಣಕಾಲುದ್ದದ ಬೂಟು ಹಾಕಿಕೊಂಡು. ಈ ಭಾವನಿಗೆ ಪೇಟೆಯಲ್ಲಿ ಪೈಪಿನ ಅಂಗಡಿ ಇತ್ತು. ತಂಗಿಯ ಗಂಡನನ್ನು ಅವರು ಇದುವರೆಗೆ ಮನುಷ್ಯರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಜಮೀನು ತೋರ್ಸಿ ಭಾವ. ಬಾವಿಗೆ ಎಷ್ಟಿಂಚಿನ ಪೈಪು ಬೇಕು ನೋಡೇಬಿಡ್ತೀನಿ. ದುಡ್ಡಿನ ಮಾತಿಲ್ಲ" ಎಂದರು.

ಹೊಟ್ಟೆನೋವು, ತಲೆನೋವು, ದಾರಿಯಲ್ಲಿ ಸೇತುವೆ ರಿಪೇರಿ, ಮೂರನ್ನೂ ಪ್ರಯೋಗಿಸಿ ನೋಡಿದ. ಬೂಟು ಕದಲಲಿಲ್ಲ. ಕೊನೆಗೆ ಮೂವರೂ ಊರ ಹೊರಗೆ ಹೋಗುವ ಬಸ್ಸು ಹತ್ತಿದರು. ಹೆಂಡತಿ ಗಂಡನ ಪಕ್ಕದಲ್ಲಿ, ಭಾವ ಮುಂದಿನ ಸೀಟಿನಲ್ಲಿ. ಯಾವ ಕಡೆಗೆ ಹೋಗುವ ಬಸ್ಸೆಂದು ಜೆರಾಕ್ಸಣ್ಣನಿಗೂ ಗೊತ್ತಿರಲಿಲ್ಲ. ನಡುದಾರಿಯಲ್ಲಿ ಬಸ್ಸು ತಿರುವಿಗೆ ಬಂದಾಗ ಕಿಟಕಿಯಾಚೆ ಒಂದು ಹೊಲ ಕಂಡಿತು. ಪೂರ್ವಕ್ಕೆ ಇಳಿಜಾರು. ಒಂದು ಕಡೆ ಜೋಳ, ಒಂದು ಕಡೆ ಸೂರ್ಯಕಾಂತಿ. ಅವನ ಕೈ ತಾನಾಗಿ ಎದ್ದಿತು.

"ಅದೇ" ಎಂದ.

"ಎಲ್ಲಿ? ಅದಾ? ಹೇ, ನಿಲ್ಸಿ, ನಿಲ್ಸಿ!" ಎಂದು ಭಾವ ಬೂಟು ಕುಟ್ಟಿದರು.

"ಇಲ್ಲಿ ಸ್ಟಾಪ್ ಇಲ್ಲ ಭಾವ."

ಬಸ್ಸು ನಿಲ್ಲಲಿಲ್ಲ. ಭಾವ ಡ್ರೈವರನ ಜೊತೆ ಜಗಳಕ್ಕೆ ನಿಂತರು, ಕಂಡಕ್ಟರು ಬಂದು ಸೇರಿಕೊಂಡ, ಇಡೀ ಬಸ್ಸು ಎರಡು ಪಕ್ಷವಾಯಿತು. ಜೆರಾಕ್ಸಣ್ಣ ಮಾತ್ರ ಹಿಂದಕ್ಕೆ ತಿರುಗಿ ಕಿಟಕಿಗೆ ಹಣೆ ಆನಿಸಿ ಆ ಹೊಲ ಮರೆಯಾಗುವವರೆಗೂ ನೋಡುತ್ತಿದ್ದ. ಯಾರದೋ ಹೊಲ. ಯಾರೋ ಪುಣ್ಯಾತ್ಮ ಅಲ್ಲಿ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡು ಆಕಾಶ ನೋಡುತ್ತಿದ್ದ. ತನ್ನದಲ್ಲದ್ದನ್ನು ಕಳೆದುಕೊಂಡವನಿಗೆ ಅಳುವ ಹಕ್ಕಿದೆಯೋ ಇಲ್ಲವೋ ಯಾರನ್ನು ಕೇಳುವುದು? ಹೆಂಡತಿ ಹೊಲವನ್ನು ನೋಡಲಿಲ್ಲ. ಗಂಡನ ಮುಖ ನೋಡುತ್ತಿದ್ದಳು. ಅವತ್ತಿನಿಂದ ತಟ್ಟೆಯನ್ನು ಮೆತ್ತಗೆ ಇಡತೊಡಗಿದಳು.

ಇಪ್ಪತ್ತನೇ ದಿನ ಕಚೇರಿಯ ಇನ್‌ಸ್ಪೆಕ್ಟರು ಅಂಗಡಿಗೆ ಬಂದರು. ಬೆವರುತ್ತಿದ್ದರು.

"ರೀ, ನಿಮ್ಮ ಜಮೀನು ಎಲ್ರೀ ಇದೆ?"

ಜೆರಾಕ್ಸಣ್ಣ ಎದ್ದು ನಿಂತ. "ಸಾರ್, ಅದು... ಅದು ಇಲ್ಲ ಸಾರ್."

"ಇಲ್ಲ ಅನ್ಬೇಡಿ! ನಾನು ಹೋಗಿ ನೋಡಿದೀನಿ!"

"ನೋಡಿದೀರಾ?"

"ನೋಡಿದೀನಿ ಅಂತ ಬರೆದಿದೀನಿ ಕಣ್ರೀ. ಎಲ್ಲ ಬರ್ದಾಗಿದೆ, ಸೀಲ್ ಆಗಿದೆ. ಈಗ ನೀವು ಇಲ್ಲ ಅಂದ್ರೆ ನಾನು ನೋಡಿದ್ದೇನು? ನನ್ನ ಕಣ್ಣಿನ ಗತಿ ಏನು?" ಇನ್‌ಸ್ಪೆಕ್ಟರು ಕುರ್ಚಿಗೆ ಕುಸಿದರು. "ಜಮೀನಿನ ದಾಖಲೆ ಲಗತ್ತಿಸಿದೆ ಅಂತ ಟಿಕ್ ಹಾಕಿದ್ರಿ. ದಾಖಲೆ ಇರ್ಲಿಲ್ಲ. ಗುಮಾಸ್ತರು ತೆಗೆದಿಟ್ಕೊಂಡಿರ್ತಾರೆ ಅಂತ ನಾನಂದ್ಕೊಂಡೆ. ನಾನು ತೆಗೆದಿಟ್ಕೊಂಡಿರ್ತೀನಿ ಅಂತ ಗುಮಾಸ್ತರು ಅಂದ್ಕೊಂಡ್ರು. ಅದರ ಮೇಲೆ ಆ ಷರಾ! ಇಷ್ಟು ವರ್ಷದಲ್ಲಿ ಯಾರೂ ಆ ಕಾಲಂ ತುಂಬಿರ್ಲಿಲ್ಲ. ಗಾಳಿ ಬರತ್ತೆ ಅಂತ ಬರೆದೋನು ಸುಳ್ಳು ಹೇಳ್ತಾನಾ ಅಂತ ಸಹಿ ಹಾಕ್ಬಿಟ್ಟೆ."

ಜೆರಾಕ್ಸಣ್ಣ ಮುಂದಕ್ಕೆ ಬಾಗಿದ. ದನಿ ತಗ್ಗಿಸಿ ಕೇಳಿದ. "ಸಾರ್, ವರದಿಲಿ ಏನ್ ಬರೆದಿದೀರಾ?"

"ಏನ್ ಬರೀತಾರೆ? ಬೆಳೆ ಹುಲುಸಾಗಿದೆ. ಬಾವಿಯಲ್ಲಿ ನೀರು ಸಾಕಷ್ಟಿದೆ."

"ಹಸು?"

"ಹಸುಗಳು ಆರೋಗ್ಯವಾಗಿವೆ."

"ಬಿಳೀದೂನಾ?"

ಇನ್‌ಸ್ಪೆಕ್ಟರು ಅವನನ್ನು ದಿಟ್ಟಿಸಿ ನೋಡಿದರು. "ಎರಡೂ" ಎಂದರು.

ಜೆರಾಕ್ಸಣ್ಣ ನೆಮ್ಮದಿಯ ಉಸಿರು ಬಿಟ್ಟ. ಹೋಗುವಾಗ ಇನ್‌ಸ್ಪೆಕ್ಟರು ಕೈ ಹಿಡಿದುಕೊಂಡು ಬೇಡಿದರು. "ಸುಮ್ನಿದ್ಬಿಡಿ. ದುಡ್ಡು ಬರತ್ತೆ, ತಗೊಳ್ಳಿ. ನಿಮಗೂ ಹೊಲ ಉಳಿಯತ್ತೆ, ನನಗೂ ನೌಕರಿ ಉಳಿಯತ್ತೆ. ಯಾರೂ ಆಕ್ಷೇಪಣೆ ಹಾಕಲ್ಲ, ಊರಿಗೆ ಊರೇ ನಿಮ್ಮ ನಿಂಬೆಹಣ್ಣು ತಿಂದಿದೆ."

ಹೊಲ ಉಳಿಯುತ್ತದೆ ಎಂಬ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಮೂವತ್ತನೇ ದಿನ ವಾಪಸ್ಸು ಕೊಡುವ ಯೋಚನೆ ದಿನದಿಂದ ದಿನಕ್ಕೆ ತೆಳ್ಳಗಾಯಿತು. ಪ್ರತಿ ವರ್ಷ ಪಟ್ಟಿಯಲ್ಲಿ ಹೆಸರು, ಪ್ರತಿ ವರ್ಷ ಗೋಡೆ ಗೋಡೆಯ ಮೇಲೆ ರೈತ. ಹೀಗೆಯೇ ಮುದುಕನಾಗಬಹುದು.

ಹಾಗೇ ಆಗುತ್ತಿತ್ತು, ಇಪ್ಪತ್ತೆಂಟನೇ ದಿನ ಸೊಪ್ಪಿನ ಅಜ್ಜಿ ಬರದೇ ಹೋಗಿದ್ದರೆ. ಅಜ್ಜಿಗೆ ಇದ್ದದ್ದು ಅರ್ಧ ಎಕರೆ. ಅದರಲ್ಲಿ ಸೊಪ್ಪು ಬೆಳೆದು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದಳು. ಕಾಯುವ ಪಟ್ಟಿಯಲ್ಲಿ ಅವಳದು ಮೊದಲನೇ ಹೆಸರು.

"ಅಣ್ಣಯ್ಯ, ಪಟ್ಟೀಲಿ ಇರೋರು ಯಾರಾದ್ರೂ ಬಿಟ್ರೆ ನನಗೆ ಬರತ್ತಂತೆ, ಹೌದಾ?"

"ಹೌದಜ್ಜಿ."

"ಯಾರು ಬಿಡ್ತಾರೆ, ಬಿಡಪ್ಪ" ಎಂದು ಅಜ್ಜಿ ನಕ್ಕಳು. "ಪೈಪಿಗೆ ಕೇಳಿದ್ದೆ. ಕೊಡದಲ್ಲಿ ಹೊತ್ತು ಹೊತ್ತು ಭುಜ ಹೋಯ್ತು. ಹೋಗ್ಲಿ, ನಿನಗೆ ಬಂತಲ್ಲ, ಒಳ್ಳೇದಾಯ್ತು. ಮೂರೆಕರೆ ಅಂದ್ರೆ ಸುಮ್ನೇನಾ? ನಿನ್ನ ಬೆನ್ನೂ ನೋಯ್ತಿರತ್ತೆ."

ಅವಳು ಬುಟ್ಟಿಯಿಂದ ಒಂದು ಕಟ್ಟು ಸೊಪ್ಪು ತೆಗೆದು ಕೌಂಟರಿನ ಮೇಲಿಟ್ಟಳು. ರೈತರು ರೈತರಿಗೆ ಕೊಟ್ಟರೆ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದಳು. ಜೆರಾಕ್ಸಣ್ಣನಿಗೆ ಬೆನ್ನು ಎಂದೂ ನೋಯದಷ್ಟು ನೋಯತೊಡಗಿತು.

ಮೂವತ್ತನೇ ದಿನ ಕಚೇರಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅಧಿಕಾರಿ ಮೇಡಂ ಮೇಜಿನ ಹಿಂದೆ ಕೂತು ಒಂದೊಂದೇ ಸಂಖ್ಯೆ ಓದಿ, ಆಕ್ಷೇಪಣೆ ಉಂಟೇ ಎಂದು ಕೇಳುತ್ತಿದ್ದರು. ಮುಂದಿನ ಸಾಲಿನಲ್ಲಿ ಮೇಷ್ಟ್ರು, ಕೊನೆಯ ಸಾಲಿನಲ್ಲಿ ಹೆಂಡತಿ, ಕಂಬದ ಮರೆಯಲ್ಲಿ ಇನ್‌ಸ್ಪೆಕ್ಟರು.

"ನೂರಾ ಹದಿನೇಳು. ಆಕ್ಷೇಪಣೆ ಇದೆಯಾ?"

"ಎಲ್ಲಿಂದ ಬರಬೇಕು ಮೇಡಂ!" ಎಂದು ಮೇಷ್ಟ್ರು ಎದ್ದು ನಿಂತರು. "ಚಪ್ಪಾಳೆ ಬೇಕಾದ್ರೆ ಇದೆ!" ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಒಂದು ಕೈ ಮೇಲಕ್ಕೆದ್ದಿತು.

"ನನ್ನದು ಆಕ್ಷೇಪಣೆ ಇದೆ" ಎಂದ ಜೆರಾಕ್ಸಣ್ಣ.

"ನೀವ್ಯಾರು?"

"ನೂರಾ ಹದಿನೇಳು."

ಮೇಡಂ ಪೆನ್ನು ಕೆಳಗಿಟ್ಟರು. "ಯಾರ ವಿರುದ್ಧ?"

"ನೂರಾ ಹದಿನೇಳರ ವಿರುದ್ಧ."

"ಅವರ ಮೇಲೆ ನಿಮಗೆ ಹಳೇ ದ್ವೇಷ ಏನಾದ್ರೂ ಇದೆಯಾ? ಫಾರಂನಲ್ಲಿ ಕೇಳಿದ್ದಾರೆ, ಅದಕ್ಕೆ ಕೇಳ್ದೆ."

"ಇಲ್ಲ ಮೇಡಂ. ಒಳ್ಳೆ ಮನುಷ್ಯ. ಹೊಲ ಮಾತ್ರ ಇಲ್ಲ."

ಆಮೇಲಿನ ಗಲಾಟೆಯನ್ನು ವರ್ಣಿಸುವುದು ಕಷ್ಟ. ಟೀ ಅಂಗಡಿಯವನು, "ಹಾಗಾದ್ರೆ ನಾನು ತಿಂದಿದ್ದು ಯಾರ ನಿಂಬೆಹಣ್ಣು?" ಎಂದು ಕೂಗಿದ. ಮೇಷ್ಟ್ರು ಮತ್ತೆ ಕನ್ನಡಕ ತೆಗೆದು ಒರೆಸಿದರು. "ಹೊಲ ಪರಿಶೀಲಿಸಿದ್ದು ಯಾರು?" ಎಂದು ಮೇಡಂ ಕೇಳಿದಾಗ ಕಂಬದ ಹಿಂದೆ ಯಾರೂ ಇರಲಿಲ್ಲ. ಇನ್‌ಸ್ಪೆಕ್ಟರಿಗೆ ನೋಟೀಸು, ಸೊಪ್ಪಿನ ಅಜ್ಜಿಗೆ ಪೈಪು ಎಂದು ಮೇಡಂ ಅಲ್ಲೇ ಬರೆದರು. ಅಜ್ಜಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಪಾಪ, ಹೊಲ ಹೋಯಿತಂತೆ ಎಂದು ಪಕ್ಕದವರಿಗೆ ಹೇಳಿ ಕಣ್ಣೊರೆಸಿಕೊಂಡಳು.

ಮೇಡಂ ಕಡತದಿಂದ ಮೂಲ ಅರ್ಜಿ ತೆಗೆದು ಅವನ ಮುಂದಿಟ್ಟರು. "ಸುಳ್ಳಿರೋ ಕಾಲಂ ಎಲ್ಲ ನಿಮ್ಮ ಕೈಯಿಂದಲೇ ಹೊಡೆದು ಹಾಕಿ. ಒಂದೊಂದಕ್ಕೂ ಸಹಿ."

ಅವನು ಮೇಜಿನ ಮೂಲೆಯಲ್ಲಿ ನಿಂತು ಹೊಡೆಯುತ್ತ ಬಂದ. ಜೋಳ ಹೋಯಿತು. ಸೂರ್ಯಕಾಂತಿ ಹೋಯಿತು. ಬಾವಿ ಮುಚ್ಚಿದ. ಹನ್ನೆರಡು ಗಿಡ ಕಡಿದ. ಹಸುಗಳ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತ, ಹಿಂದೆ ಸಾಲಿನಲ್ಲಿದ್ದವರು "ಬೇಗ ಅಣ್ಣ" ಎಂದರು. ಕಂದು ಹಸುವನ್ನೂ ಬಿಳಿ ಹಸುವನ್ನೂ ಒಂದೇ ಗೆರೆಯಲ್ಲಿ ಕಳಿಸಿಕೊಟ್ಟ. ಕೊನೆಗೆ ಷರಾವನ್ನೂ ಹೊಡೆದ. ಹದಿನೆಂಟು ವರ್ಷದಲ್ಲಿ ಆ ಕಚೇರಿಯಲ್ಲಿ ಅಷ್ಟು ನಿಧಾನವಾಗಿ ಯಾರೂ ಗೆರೆ ಎಳೆದಿರಲಿಲ್ಲ.

ಸಂಜೆ ಗಂಡ ಹೆಂಡತಿ ಮನೆಯ ಕಡೆಗೆ ನಡೆದರು. ಅವನು ಬೈಗುಳಕ್ಕೆ ತಯಾರಾಗಿದ್ದ. ಔಷಧದಂಗಡಿ ದಾಟಿತು, ಹಾಲಿನ ಡಿಪೋ ದಾಟಿತು. ಹೊಲಿಗೆ ಅಂಗಡಿಯ ಹತ್ತಿರ ಬಂದಾಗ ಕೇಳಿದಳು.

"ರೀ, ಮನೆ ಎಲ್ಲಿತ್ತು?"

"ಯಾವ ಮನೆ?"

"ಹೊಲದಲ್ಲಿ. ನೀವು ಹೊಡೀವಾಗ ಹಿಂದೆ ನಿಂತು ಓದಿದೆ. ಬಾವಿ ಇತ್ತು, ಹಸು ಇತ್ತು, ಮನೆ ಇರ್ಲಿಲ್ಲ."

"ಅರ್ಜೀಲಿ ಮನೆಗೆ ಕಾಲಂ ಇರ್ಲಿಲ್ಲ ಕಣೆ."

"ಮತ್ತೆ ನಾನೆಲ್ಲಿದ್ದೆ?"

ಅವನು ರಸ್ತೆಯಲ್ಲೇ ನಿಂತುಬಿಟ್ಟ. ಐದು ವರ್ಷ ದಿನಾ ಬೆಳಗ್ಗೆ ಹೋಗಿ ಬಂದ ಹೊಲದಲ್ಲಿ, ಈಗ ಮೂಲೆ ಮೂಲೆ ಹುಡುಕಿದ. ಜೋಳದ ಹಿಂದೆ ಹುಡುಕಿದ, ನಿಂಬೆ ಗಿಡಗಳ ನಡುವೆ ಹುಡುಕಿದ. ಅವಳು ಎಲ್ಲೂ ಇರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. "ಎರಡು ಕೋಣೆ ಸಾಕಾ?" ಎಂದು ಕೇಳಿದ.

"ಸಾಕು. ಕೊಟ್ಟಿಗೆ ಪಕ್ಕ ಬೇಡ, ನೊಣ ಬರತ್ತೆ."

"ಇಳಿಜಾರಿನ ಮೇಲ್ಗಡೆ ಕಟ್ಟೋಣ. ಅಡುಗೆಮನೆ ಕಿಟಕಿ ಪೂರ್ವಕ್ಕಿಡ್ತೀನಿ, ಬೆಳಗಿನ ಬಿಸಿಲು ಬೀಳತ್ತೆ."

"ಬೆಳಗ್ಗೆ ಬಿಸಿಲು ನೋಡೋಕೆ ನನಗೆಲ್ಲಿ ಪುರುಸೊತ್ತು?" ಎಂದಳು ಅವಳು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. "ಸಂಜೆ ನೀವು ಹೊಲದಿಂದ ಬರೋ ದಾರಿ ಯಾವ ಕಡೆ ಇದೆಯೋ, ಆ ಕಡೆಗಿಡಿ."